ಐದು ಕೋಟಿ ಕೇಸು ಅಂತ ಅಳೋ ಮುಂಚೆ ಒಂದು ವಾಯಿದೆ ಪಟ್ಟಿ ಬಿಚ್ಚಿ ನೋಡಿ

ಬೆಳಿಗ್ಗೆಯಿಂದ ಇದು ಮೂರನೇ ಸಲ. ಅದೇ ಎನ್‌ಜೆಡಿಜಿ (ದೇಶದ ಕೋರ್ಟುಗಳ ಬಾಕಿ ಕೇಸಿನ ಲೆಕ್ಕ ತೋರಿಸೋ ಸರ್ಕಾರಿ ವೆಬ್‌ಸೈಟು) ಪುಟದ ಸ್ಕ್ರೀನ್‌ಶಾಟು, ಅದೇ ಕೆಂಪು ವೃತ್ತ, "ದೇಶದಲ್ಲಿ ಐದು ಕೋಟಿ ಕೇಸು ಬಾಕಿ, ಇದೇನಾ ನ್ಯಾಯ?" ಅನ್ನೋ ಸಾಲು, ಕೆಳಗೆ ಅಳುವ ಇಮೋಜಿಗಳು. ಹಾಕಿದವರಲ್ಲಿ ಇಬ್ಬರು ವಕೀಲರು ಬೇರೆ. ಈ ವಿಷಯ ಎತ್ತಿದ್ರೆ ನಾನು ಸುಮ್ನಿರಲ್ಲ ಅಂತ ಗೊತ್ತಿದ್ದೇ ಟ್ಯಾಗ್ ಮಾಡಿದೀರಿ. ಸರಿ, ಸುಮ್ನಿರಲ್ಲ.

ಐದು ಕೋಟಿ ಅನ್ನೋದರಿಂದ ಏನೂ ತಿಳಿಯಲ್ಲ ಸ್ವಾಮಿ. ಹೆಲ್ಮೆಟ್ ಹಾಕದ ದಂಡದ ಕೇಸೂ ಅದರಲ್ಲಿ ಒಂದು, ಕೊಲೆ ಕೇಸೂ ಒಂದು, ಅಜ್ಜನ ಆಸ್ತಿಯ ಪಾಲಿನ ದಾವೆಯೂ ಒಂದು. ಕಡಲೆಕಾಯಿ, ಕುಂಬಳಕಾಯಿ ಒಟ್ಟಿಗೆ ಎಣಿಸಿ "ಮನೇಲಿ ಸಾವಿರ ಕಾಯಿ ಇದೆ" ಅಂದ ಹಾಗೆ. ತಿಳಿಯಬೇಕಾದ್ದು ಆ ಸಂಖ್ಯೆಯ ಕೆಳಗಿದೆ, ಒಂದೊಂದು ಕೇಸಿನ ಪುಟದಲ್ಲಿ, ತಾರೀಖುಗಳಲ್ಲಿ. ಆ ತಾರೀಖುಗಳನ್ನ ನಮ್ಮ ಕೋರ್ಟುಗಳು ಒಂದೊಂದಾಗಿ ತೋರಿಸ್ತವೆ, ಒಟ್ಟಿಗೆ ಇಳಿಸ್ಕೊಳ್ಳೋಕೆ ಕೊಡಲ್ಲ. ನನ್ನ ಸಿಟ್ಟೆಲ್ಲ ಇದೊಂದರ ಮೇಲೆ. ಅಂಗಡಿ ಗಾಜಿನ ಹಿಂದಿನ ಮೈಸೂರು ಪಾಕು ಥರ.

ಗೊತ್ತಿಲ್ಲದವರಿಗೆ: ಪ್ರತಿ ಕೇಸಿಗೂ ಸಿಎನ್‌ಆರ್ ಅಂತ 16 ಸ್ಥಾನದ ಗುರುತು ಇರುತ್ತೆ. ಮೊದಲ ಎರಡು ಅಕ್ಷರ ರಾಜ್ಯ (ನಮ್ಮದು ಕೆ, ಎ), ಆಮೇಲೆ ಎರಡು ಅಕ್ಷರ ಜಿಲ್ಲೆ, ಎರಡು ಅಂಕಿ ಯಾವ ಕೋರ್ಟು ಅಂತ, ಆರು ಅಂಕಿ ಕ್ರಮಸಂಖ್ಯೆ, ಕೊನೆಯ ನಾಲ್ಕು ವರ್ಷ. ಅದನ್ನ ಕೋರ್ಟುಗಳದೇ ಇ-ಕೋರ್ಟ್ಸ್ ಆ್ಯಪಲ್ಲಿ ಹಾಕಿ. ದಾಖಲಿಸಿದ ದಿನ, ನೋಂದಣಿಯಾದ ದಿನ, ಮೊದಲ ವಿಚಾರಣೆ, ಮುಂದಿನ ವಾಯಿದೆ, ಯಾವ ಕಾಯ್ದೆ, ಯಾವ ಕಲಂ, ಕ್ರಿಮಿನಲ್ ಆದ್ರೆ ಠಾಣೆ ಹೆಸರು, ಎಫ್‌ಐಆರ್ ನಂಬರು, ವರ್ಷ. ಅದರ ಕೆಳಗೆ ಬರೋ ವಾಯಿದೆ ಪಟ್ಟಿಯೇ ಅಸಲಿ ಮಾಲು. ಪ್ರತಿ ದಿನಾಂಕದ ಪಕ್ಕದಲ್ಲಿ "ಯಾವುದಕ್ಕೆ" ಅಂತ ಬರೆದಿರುತ್ತೆ.

ಒಂದು ಮಾಮೂಲಿ ಓ.ಎಸ್. (ಸಿವಿಲ್ ದಾವೆ) ಹೇಗಿರುತ್ತೆ ಅಂದ್ರೆ: ಸಮನ್ಸ್. ಸಮನ್ಸ್. ಸ್ಟೆಪ್ಸ್, ಅಂದ್ರೆ ವಾದಿ ಪ್ರಾಸೆಸ್ ಫೀ ಕಟ್ಟಿಲ್ಲ, ಮತ್ತೆ ಕಟ್ಟಲಿ ಅಂತ. ಸಮನ್ಸ್ ಜಾರಿಯಾಗದೆ ವಾಪಸ್. ಮತ್ತೆ ಸಮನ್ಸ್. ರಿಜಿಸ್ಟರ್ಡ್ ಪೋಸ್ಟು. ಪ್ರತಿವಾದಿ ಹಾಜರ್, ವಕಾಲತ್ತು ಹಾಕೋಕೆ ಸಮಯ. ಲಿಖಿತ ಹೇಳಿಕೆಗೆ ಸಮಯ. ಮತ್ತೆ ಸಮಯ. ಐ.ಎ. (ದಾವೆಯ ನಡುವೆ ಹಾಕೋ ಅರ್ಜಿ) ಮೇಲೆ ತಕರಾರು. ಇಷ್ಟೊತ್ತಿಗೆ ಹನ್ನೆರಡು ವಾಯಿದೆ, ಒಂದೂವರೆ ವರ್ಷ ಆಗಿಹೋಗಿರುತ್ತೆ, ಇನ್ನೂ ಇಶ್ಯೂಸೇ ಫ್ರೇಮ್ ಆಗಿಲ್ಲ, ಅಂದ್ರೆ ಜಗಳ ಯಾವ ಅಂಶಗಳ ಮೇಲೆ ಅಂತಲೇ ಗೊತ್ತುಮಾಡಿಲ್ಲ. ಸಾಕ್ಷಿಯ ಮಾತು ಆಮೇಲಿಂದು.

ಈಗ ಹೇಳಿ, ಈ ಕೇಸು "ಜಡ್ಜ್ ತೀರ್ಪು ಕೊಡಲಿಲ್ಲ" ಅಂತ ನಿಂತಿದೆಯಾ? ನಿಂತಿರೋದು ಸಮನ್ಸ್ ಮುಟ್ಟಿಸೋ ಅಮೀನ ಮನೆ ಹುಡುಕೋ ಹಂತದಲ್ಲಿ. ಅದಕ್ಕೆ ಇನ್ನೊಬ್ಬ ಜಡ್ಜನ್ನ ಕೂರಿಸಿದ್ರೆ ಅವರೂ "ಸಮನ್ಸ್ ರೀಇಶ್ಯೂ" ಅಂತಲೇ ಬರೆಸ್ತಾರೆ. ಬೇಕಾದ್ದು ಇನ್ನೊಬ್ಬ ಅಮೀನ, ಅವನಿಗೊಂದು ಗಾಡಿ, ಪೆಟ್ರೋಲ್ ಭತ್ಯೆ. ಅಮೀನರಿಗೆ ಎನ್‌ಸ್ಟೆಪ್ ಆ್ಯಪ್ ಇರೋ ಫೋನು ಕೊಟ್ಟಿದಾರೆ, ಎಲ್ಲಿ ಎಷ್ಟು ಗಂಟೆಗೆ ಹೋದ ಅಂತ ಜಿಪಿಎಸ್ ಸಮೇತ ದಾಖಲಾಗುತ್ತೆ. ಆ ದಾಖಲೆನ ವಾಯಿದೆ ಪಟ್ಟಿ ಪಕ್ಕ ಇಟ್ಟು, ಯಾವ ತಾಲೂಕಲ್ಲಿ ಸಮನ್ಸ್ ಎಷ್ಟು ಸಲ ವಾಪಸ್ ಬರುತ್ತೆ, ಯಾಕೆ ಅಂತ ಹೊರಗಿನ ಯಾರಿಗಾದ್ರೂ ನೋಡೋಕಾಗುತ್ತಾ? ಇಲ್ಲ. ತೋರಿಸೋದೇ ಅರ್ಧ, ಕೊಡೋದಂತೂ ಸೊನ್ನೆ.

ಇದು ನನ್ನ ತಲೆಯಿಂದ ಹುಟ್ಟಿದ ವಾದ ಅನ್ಕೋಬೇಡಿ. ಚೆಕ್ ಬೌನ್ಸ್ ನೋಡಿ. 2019ರ ಕೊನೆಗೆ ದೇಶದಲ್ಲಿ ಬಾಕಿ ಇದ್ದ 2.31 ಕೋಟಿ ಕ್ರಿಮಿನಲ್ ಕೇಸಲ್ಲಿ 35.16 ಲಕ್ಷ ಬರೀ ಚೆಕ್ ಬೌನ್ಸಿನ ಕಲಂ 138ರವು ಅಂತ ಸುಪ್ರೀಂ ಕೋರ್ಟಿನ ಮುಂದೆ ಲೆಕ್ಕ ಬಂತು. ಹೆಚ್ಚುಕಡಿಮೆ ಏಳಕ್ಕೊಂದು. ಎಲ್ಲಿ ಸಿಕ್ಕಿಕೊಂಡಿವೆ ಅಂತ ನೋಡಿದ್ರೆ ಅಲ್ಲೂ ಅದೇ ಹಾಡು, ಆರೋಪಿಗೆ ಸಮನ್ಸ್ ಮುಟ್ಟಿಸೋದು, ಅವನನ್ನ ಹಾಜರು ಮಾಡಿಸೋದು. ಲೆಕ್ಕ ಕೈಗೆ ಬಂದ ಮೇಲೆ ಮಾತು ಮುಂದೆ ಹೋಯ್ತು. 2021ರ ಏಪ್ರಿಲ್‌ನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ನಿರ್ದೇಶನ ಕೊಡ್ತು, 2022ರ ಸೆಪ್ಟೆಂಬರ್‌ನಿಂದ ಐದು ರಾಜ್ಯಗಳಲ್ಲಿ ಪ್ರಯೋಗಕ್ಕೆ ವಿಶೇಷ ಕೋರ್ಟುಗಳೂ ಬಂದವು.

ಅದಕ್ಕಿಂತ ಒಳ್ಳೇ ಉದಾಹರಣೆ 66ಎ. ಆನ್‌ಲೈನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸೋದನ್ನ ಅಪರಾಧ ಮಾಡಿದ್ದ ಐಟಿ ಕಾಯ್ದೆಯ ಆ ಕಲಮನ್ನ ಸುಪ್ರೀಂ ಕೋರ್ಟು 2015ರ ಮಾರ್ಚ್ 24ಕ್ಕೇ ಹೊಡೆದುಹಾಕಿತ್ತು. ಸತ್ತ ಕಲಂ. ಆದ್ರೆ ಠಾಣೆಗಳಲ್ಲಿ ಅದರಡಿ ಎಫ್‌ಐಆರ್ ಬೀಳ್ತಾನೇ ಇತ್ತು. ಯಾರಿಗೆ ಗೊತ್ತಾಯ್ತು? ಇಂಟರ್ನೆಟ್ ಫ್ರೀಡಂ ಫೌಂಡೇಶನ್, ಸಿವಿಕ್ ಡೇಟಾ ಲ್ಯಾಬ್ಸ್ ಅವರು ಇ-ಕೋರ್ಟ್ಸ್ ಪುಟಗಳನ್ನೇ ಜಾಲಾಡಿ, ಈ ಕಲಂ ಇರೋ ಕೇಸು ಎಲ್ಲೆಲ್ಲಿವೆ ಅಂತ ಹೆಕ್ಕಿ ತೆಗೆದ್ರು. 2021ರ ಮಾರ್ಚ್ ಹೊತ್ತಿಗೆ 11 ರಾಜ್ಯಗಳಲ್ಲಿ 745 ಕೇಸು ಜೀವಂತ. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಅದನ್ನ ಹಿಡ್ಕೊಂಡು ಸುಪ್ರೀಂ ಕೋರ್ಟಿಗೆ ಹೋಯ್ತು, ಕೋರ್ಟೇ ದಂಗಾಯ್ತು, 2022ರ ಅಕ್ಟೋಬರ್‌ನಲ್ಲಿ ಯಾರನ್ನೂ ಇದರಡಿ ವಿಚಾರಣೆಗೆ ಎಳೀಬಾರದು ಅಂತ ಆದೇಶ ಆಯ್ತು. ತನ್ನ ತೀರ್ಪು ಪಾಲನೆ ಆಗ್ತಿಲ್ಲ ಅಂತ ದೇಶದ ಅತಿದೊಡ್ಡ ಕೋರ್ಟಿಗೆ ಗೊತ್ತಾಗಿದ್ದು, ಅದರದೇ ಕೆಳಗಿನ ಕೋರ್ಟುಗಳ ಸಾರ್ವಜನಿಕ ಪುಟವನ್ನ ಹೊರಗಿನವರು ಕೂತು ಓದಿದ್ದರಿಂದ.

ಆ ಓದು ಎಷ್ಟು ಸುಲಭ ಅಂತೀರಾ? ಪ್ರತಿ ಹುಡುಕಾಟಕ್ಕೂ ಒಂದು ಕ್ಯಾಪ್ಚಾ. ಒಂದು ತಾಲೂಕಿನ ಹತ್ತು ಸಾವಿರ ಕೇಸು ನೋಡ್ಬೇಕು ಅಂದ್ಕೊಳ್ಳಿ. ಒಂದಕ್ಕೆ ಅರ್ಧ ನಿಮಿಷ ಅಂದ್ರೂ 83 ಗಂಟೆ, ಊಟ ನಿದ್ದೆ ಬಿಟ್ಟು. ಒಟ್ಟಿಗೆ ಇಳಿಸಿಕೊಳ್ಳೋ ಗುಂಡಿ ಇಲ್ಲ. ಎಪಿಐ (ಕಂಪ್ಯೂಟರಿಂದ ಕಂಪ್ಯೂಟರಿಗೆ ನೇರವಾಗಿ ಮಾಹಿತಿ ಕೊಡೋ ದಾರಿ) ಇದೆ, ಯಾರಿಗೆ? ಸರ್ಕಾರಿ ಇಲಾಖೆಗಳಿಗೆ, ಸಾಂಸ್ಥಿಕ ಕಕ್ಷಿದಾರರಿಗೆ. ತೆರಿಗೆ ಕಟ್ಟೋ ನಿಮಗೆ ಕ್ಯಾಪ್ಚಾ. ಇ-ಕೋರ್ಟ್ಸ್‌ನ ಮೊದಲ ಹಂತಕ್ಕೆ 935 ಕೋಟಿ, ಎರಡನೇದಕ್ಕೆ 1,670 ಕೋಟಿ, 2023ರಲ್ಲಿ ಒಪ್ಪಿಗೆ ಸಿಕ್ಕ ಮೂರನೇದಕ್ಕೆ 7,210 ಕೋಟಿ ರೂಪಾಯಿ. ಇಷ್ಟೆಲ್ಲ ಸುರಿದ ಮೇಲೂ ಒಂದು ಸಿಎಸ್‌ವಿ ಫೈಲು (ಸಾದಾ ಕೋಷ್ಟಕ) ಕೇಳಿದ್ರೆ "ನೀವು ರೋಬೋ ಅಲ್ಲ ತಾನೇ?" ಅಂತ ಕೇಳುತ್ತೆ.

ಕಷ್ಟಪಟ್ಟು ಇಳಿಸಿದವರಿಗೂ ಒಳಗೆ ಹಳ್ಳಗಳಿವೆ. ಕಾಯ್ದೆ ಹೆಸರಿನ ಕಾಲಂನಲ್ಲಿ ಒಂದೇ ಚೆಕ್ ಬೌನ್ಸ್ ಕಾಯ್ದೆನ ಒಬ್ಬ ಚುಕ್ಕಿ ಇಟ್ಟು, ಒಬ್ಬ ಇಡದೆ, ಒಬ್ಬ ವರ್ಷ ಸೇರಿಸಿ, ಒಬ್ಬ ಕಾಗುಣಿತ ತಪ್ಪಿಸಿ ಬರೆದಿರ್ತಾನೆ. ಠಾಣೆ ಹೆಸರೂ ಹಾಗೇ. ಪಕ್ಷಗಾರರ ಹೆಸರಂತೂ ಕೇಳ್ಬೇಡಿ, ನಮ್ಮ ಈರಪ್ಪನನ್ನ ಇಂಗ್ಲಿಷಲ್ಲಿ ಮೂರು ಥರ ಬರೀತಾರೆ, ಒಂದು ಕಡೆ ಯೀರಪ್ಪ, ಇನ್ನೊಂದು ಕಡೆ ಇರಪ್ಪ. ತಂದೆ ಹೆಸರು ಇನಿಷಿಯಲ್ ಆಗಿ ಒಮ್ಮೆ ಮುಂದೆ, ಒಮ್ಮೆ ಹಿಂದೆ. ವಾಯಿದೆಯ "ಯಾವುದಕ್ಕೆ" ಕಾಲಂ ಬೆಂಚ್ ಕ್ಲರ್ಕಿನ ಕೈಯಲ್ಲಿ. ಪಟ್ಟಿಯಲ್ಲಿ ಮೇಲೆ ಸಿಕ್ಕಿದ್ದನ್ನ ಒತ್ತಿ ಮುಂದೆ ಹೋಗ್ತಾನೆ, ಪಾಪ ಅವನಿಗೂ ದಿನಕ್ಕೆ ನೂರು ಫೈಲು. ಅದಕ್ಕೇ ಮೊದಲು ಹೆಸರುಗಳನ್ನ ಒಂದು ಪಟ್ಟಿಗೆ ಇಳಿಸಿ ಹೊಂದಿಸ್ಬೇಕು, ಲೆಕ್ಕ ಆಮೇಲೆ.

ದೊಡ್ಡ ಮೋಸ ಇರೋದು "ಕೇಸಿನ ವಯಸ್ಸು" ಅನ್ನೋದರಲ್ಲಿ. ಕೊಲೆ ಕೇಸು ಮ್ಯಾಜಿಸ್ಟ್ರೇಟರ ಮುಂದೆ ಸಿ.ಸಿ. (ಕ್ರಿಮಿನಲ್ ಕೇಸು) ಆಗಿ ಶುರುವಾಗುತ್ತೆ, ಸೆಷನ್ಸ್ ಕೋರ್ಟಿಗೆ ಕಮಿಟ್ ಆದಾಗ, ಅಂದ್ರೆ ಒಪ್ಪಿಸಿದಾಗ, ಎಸ್.ಸಿ. (ಸೆಷನ್ಸ್ ಕೇಸು) ಅಂತ ಹೊಸ ನಂಬರು, ಹೊಸ ನೋಂದಣಿ ದಿನಾಂಕ. ಹಳೇದು ಮುಗೀತು ಅಂತ ಬರುತ್ತೆ, ಹೊಸದು ಎಳೇ ಮಗು. ಸಿವಿಲ್‌ನಲ್ಲಿ ದಾವೆ ಗೆದ್ದ ಮೇಲೆ ಅಪೀಲು ಬೇರೆ ನಂಬರು, ಅಮಲ್ಜಾರಿ (ತೀರ್ಪನ್ನ ಜಾರಿ ಮಾಡಿಸೋದು) ಬೇರೆ ನಂಬರು. ಕಕ್ಷಿದಾರನ ಪಾಲಿಗೆ ಅದು ಇಪ್ಪತ್ತು ವರ್ಷದ ಒಂದೇ ಕೇಸು, ಎನ್‌ಜೆಡಿಜಿ ಪಾಲಿಗೆ ಮೂರು ನಾಲ್ಕು ಯುವ ಕೇಸು. ಕೆಳಗಿನ ಕೋರ್ಟಿನ ನಂಬರು ಹಿಡಿದು ಇವನ್ನ ಪೋಣಿಸದೆ ಯಾರಾದ್ರೂ ಸರಾಸರಿ ಅವಧಿ ಹೇಳಿದ್ರೆ ನಂಬಬೇಡಿ. ಮುಗಿದ ಕೇಸಿನದ್ದಷ್ಟೇ ಸರಾಸರಿ ತೆಗೆದ್ರೂ ತಪ್ಪೇ, ಯಾಕಂದ್ರೆ ಬೇಗ ಮುಗಿಯೋವೇ ಮುಗಿದಿರ್ತವೆ, ಹಟಮಾರಿಗಳು ಇನ್ನೂ ಒಳಗೇ ಕೂತಿರ್ತವೆ. ಒಂದು ವರ್ಷ ದಾಖಲಾದ ಕೇಸನ್ನೆಲ್ಲ ಹಿಡಿದು, ಅದರಲ್ಲಿ ಅರ್ಧ ಮುಗಿಯೋಕೆ ಎಷ್ಟು ತಿಂಗಳು ಅಂತ ನೋಡೋದು ಸರಿ ದಾರಿ. (ನಾನೂ ಹಿಂದೆ ಸರಾಸರಿ ಹಿಡ್ಕೊಂಡೇ ವಾದ ಮಾಡ್ತಿದ್ದವನು. ಆ ಪೋಸ್ಟು ಹುಡುಕಿ ತರಬೇಡಿ.)

"ಜಡ್ಜ್‌ಗಳೇ ಇಲ್ಲ, ನಿಮ್ಮ ಡೇಟಾ ಇಟ್ಕೊಂಡು ಏನ್ ಉಪ್ಪಿನಕಾಯಿ ಹಾಕ್ತೀರಾ" ಅಂತ ಒಬ್ಬರು ಕಾಮೆಂಟಲ್ಲಿ ಕೇಳಿದಾರೆ. ಜಡ್ಜ್‌ಗಳು ಕಡಿಮೆ, ನಿಜ. ಹತ್ತು ಲಕ್ಷ ಜನಕ್ಕೆ 50 ಜನ ಬೇಕು ಅಂತ ಕಾನೂನು ಆಯೋಗ 1987ರಲ್ಲೇ ಹೇಳಿತ್ತು, ಇವತ್ತಿಗೂ ಅದರ ಅರ್ಧ ಆಗಿಲ್ಲ. ಆದ್ರೆ ಎಷ್ಟು ಬೇಕು, ಎಲ್ಲಿ ಬೇಕು ಅಂತ ಲೆಕ್ಕ ಹಾಕೋಕೆ ಅದೇ ಆಯೋಗ 2014ರಲ್ಲಿ 245ನೇ ವರದಿ ಬರೆಯೋಕೆ ಕೂತಾಗ ಮೊದಲು ತೋಡಿಕೊಂಡ ಕಷ್ಟ ಏನು? ಕೋರ್ಟುಗಳ ಮಾಹಿತಿ ಒಂದೇ ಥರ ಇಲ್ಲ ಅನ್ನೋದು. ಜಡ್ಜ್ ಕೇಳೋಕೂ ಡೇಟಾನೇ ಬೇಕು ಸಾರ್.

ಇನ್ನು ಖಾಸಗಿತನ. ಪೋಕ್ಸೋ, ಕೌಟುಂಬಿಕ ಕೇಸುಗಳ ಹೆಸರು ಮುಚ್ಚಲೇಬೇಕು, ಎರಡು ಮಾತಿಲ್ಲ. ಆದ್ರೆ ನಾನು ಕೇಳ್ತಿರೋದು ಹೆಸರನ್ನಲ್ಲ ಮಹರಾಯ್ರೆ, ತಾರೀಖು! ಹೆಸರು ಈಗಾಗಲೇ ಒಂದೊಂದು ಪುಟದಲ್ಲೂ ರಾರಾಜಿಸ್ತಿದೆ, ಪಕ್ಕದ ಮನೆಯವನು ನಿಮ್ಮ ಕೇಸು ಹುಡುಕೋಕೆ ಅಡ್ಡಿ ಇಲ್ಲ, ಸಂಶೋಧಕನಿಗೆ ಮಾತ್ರ ಅಡ್ಡಿ. ಇನ್ನು ಕೆಲವರಿಗೆ ಜಡ್ಜ್‌ಗಳನ್ನ ಅಳೀತಾರೆ ಅನ್ನೋ ಭಯ. ಫ್ರಾನ್ಸ್ ಅಂತೂ 2019ರಲ್ಲಿ ನ್ಯಾಯಾಧೀಶರ ಹೆಸರು ಹಿಡಿದು ವಿಶ್ಲೇಷಣೆ ಮಾಡೋದನ್ನೇ ಅಪರಾಧ ಮಾಡಿಬಿಡ್ತು. ನಮ್ಮಲ್ಲಿ 2010ರಿಂದ 2018ರವರೆಗಿನ ಸುಮಾರು 8 ಕೋಟಿ ಕೇಸಿನ ಮಾಹಿತಿನ ಡೆವಲಪ್‌ಮೆಂಟ್ ಡೇಟಾ ಲ್ಯಾಬ್ ಅನ್ನೋ ಸಂಶೋಧನಾ ಸಂಸ್ಥೆ ಒಟ್ಟುಹಾಕಿತ್ತು. ಅದನ್ನ ಬಳಸಿ ಸಂಶೋಧಕರು, ಜಡ್ಜ್‌ಗಳು ತಮ್ಮ ಧರ್ಮದ, ತಮ್ಮ ಲಿಂಗದ ಆರೋಪಿ ಕಡೆ ವಾಲ್ತಾರಾ ಅಂತ ನೋಡಿದ್ರು. ಅಂಥ ವಾಲುವಿಕೆ ಸಿಗಲೇ ಇಲ್ಲ. ಬಯ್ಯೋಕೆ ಅಂತ ತೆರೆದ ಪೆಟ್ಟಿಗೇಲಿ ಸರ್ಟಿಫಿಕೇಟ್ ಸಿಕ್ತು. ಅಳೆಯೋದು ಹೊಸದೂ ಅಲ್ಲ, ಮುಗಿಸಿದ ಕೇಸಿಗೆ ಅಂಕ ಕೊಟ್ಟು, ತಿಂಗಳಿಗಿಷ್ಟು ಯೂನಿಟ್ ಅಂತ ಹೈಕೋರ್ಟುಗಳು ಒಳಗೊಳಗೇ ಅಳೀತವೆ. ಕೇಸಿನ ಸಂಖ್ಯೆಗೆ ಅಂಕ ಕೊಟ್ರೆ ಸುಲಭದ್ದು ಮುಂದೆ ಬರುತ್ತೆ, ಹಳೇ ಕಗ್ಗಂಟು ಹಿಂದೆ ಸರಿಯುತ್ತೆ.

ಜೈಲಿನ ವಿಷಯಕ್ಕೆ ಬಂದ್ರೆ ನನಗೆ ವ್ಯಂಗ್ಯವೂ ಬರಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು. ಸಿಆರ್‌ಪಿಸಿ ಜಾಗಕ್ಕೆ ಬಂದ ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾನೂನು ಬಿಎನ್‌ಎಸ್‌ಎಸ್‌ನ ಕಲಂ 479ರ ಪ್ರಕಾರ ಗರಿಷ್ಠ ಶಿಕ್ಷೆಯ ಅರ್ಧ ಅವಧಿ ಒಳಗೆ ಕಳೆದವರಿಗೆ, ಮೊದಲ ಸಲದ ಆರೋಪಿಯಾದ್ರೆ ಮೂರನೇ ಒಂದು ಭಾಗ ಕಳೆದವರಿಗೆ ಬಿಡುಗಡೆ. ಮರಣದಂಡನೆ, ಜೀವಾವಧಿ ಇರೋ ಅಪರಾಧಕ್ಕೆ ಇದು ಇಲ್ಲ, ಒಂದಕ್ಕಿಂತ ಹೆಚ್ಚು ಕೇಸಿದ್ರೂ ಇಲ್ಲ. ಲೆಕ್ಕ ಎಷ್ಟು ಸರಳ ನೋಡಿ. ಒಳಗೆ ಹೋದ ದಿನ ಜೈಲುಗಳ ಸಾಫ್ಟ್‌ವೇರ್ ಇ-ಪ್ರಿಸನ್ಸ್‌ನಲ್ಲಿದೆ. ಕಲಂ ಇ-ಕೋರ್ಟ್ಸ್‌ನಲ್ಲಿದೆ. ಗರಿಷ್ಠ ಶಿಕ್ಷೆ ಕಾನೂನು ಪುಸ್ತಕದಲ್ಲಿದೆ. ಮೂರು ವರ್ಷ ಶಿಕ್ಷೆಯ ಕಳ್ಳತನ, ಮೊದಲ ಸಲ ಸಿಕ್ಕವನು: ಹನ್ನೆರಡನೇ ತಿಂಗಳು ತುಂಬಿದ ದಿನ ಕಂಪ್ಯೂಟರು ಕೂಗಬೇಕು. ಅರ್ಜಿ ಹಾಕೋ ಹೊಣೆಯನ್ನ ಕಾನೂನು ಜೈಲು ಸೂಪರಿಂಟೆಂಡೆಂಟ್ ಮೇಲೇ ಇಟ್ಟಿದೆ. ಯಾಕೆ ಕೂಗಲ್ಲ? ಒಂದು ಕಡೆ ಠಾಣೆ ಹೆಸರು ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ. ಈರಪ್ಪ, ಯೀರಪ್ಪ ಇಬ್ಬರೂ ಒಬ್ಬನೇ ಅಂತ ಗೊತ್ತಾಗೋವರೆಗೆ ಈರಪ್ಪ ಒಳಗೇ.

ಜಾಮೀನು ಸಿಕ್ಕ ಮೇಲೂ ಶ್ಯೂರಿಟಿ ಇಲ್ಲದೆ ಒಳಗೇ ಉಳಿದವರ ಬಗ್ಗೆ ಸುಪ್ರೀಂ ಕೋರ್ಟು 2023ರ ಜನವರಿ 31ರಂದು ಹೇಳಿದ್ದೂ ಒಂದು ತಾರೀಖಿನ ಕೆಲಸವೇ. ಜಾಮೀನಿನ ದಿನವನ್ನ ಇ-ಪ್ರಿಸನ್ಸ್‌ನಲ್ಲಿ ಹಾಕಿ, ಏಳು ದಿನದಲ್ಲಿ ಹೊರಗೆ ಬರದಿದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಿ. ಯಾವ ಜೈಲಲ್ಲಿ ಏಳು ದಿನ ದಾಟಿದವರು ಎಷ್ಟು ಜನ ಅಂತ, ಹೆಸರಿಲ್ಲದೆ, ವಾರಕ್ಕೊಮ್ಮೆ ಹೊರಗೆ ಹಾಕೋಕೆ ಏನು ಅಡ್ಡಿ?

ಸ್ಕ್ರೀನ್‌ಶಾಟ್ ಹಾಕಿದ ವಕೀಲ ಮಿತ್ರರಿಗೆ ಒಂದೇ ಕೇಳಿಕೆ. ನಿಮ್ಮ ಆಫೀಸಲ್ಲೇ ಇರೋ ಇಪ್ಪತ್ತು ಫೈಲಿನ ಸಿಎನ್‌ಆರ್ ತಗೊಳ್ಳಿ. ಸಮನ್ಸ್‌ಗೆ ಎಷ್ಟು ವಾಯಿದೆ, ಲಿಖಿತ ಹೇಳಿಕೆಗೆ ಎಷ್ಟು, ಸಾಕ್ಷಿಗೆ ಎಷ್ಟು, ಮೂರು ಕಾಲಂ ಸಾಕು. ನಾಲ್ಕನೇ ಕಾಲಂನಲ್ಲಿ, ಆ ವಾಯಿದೆ ಕೇಳಿದ್ದು ಯಾರು ಅಂತ ಪ್ರಾಮಾಣಿಕವಾಗಿ ಬರೀರಿ. ಒಬ್ಬ ಪಕ್ಷಗಾರನಿಗೆ ಮೂರಕ್ಕಿಂತ ಹೆಚ್ಚು ವಾಯಿದೆ ಕೊಡಬಾರದು ಅಂತ ಸಿಪಿಸಿಯ (ಸಿವಿಲ್ ಪ್ರಕ್ರಿಯಾ ಸಂಹಿತೆಯ) 17ನೇ ಆದೇಶ ಹೇಳುತ್ತೆ, ನೆನಪಿರಬಹುದು. ಪೂರ್ತಿ ತುಂಬಿಸಿದ ಶೀಟು ಕಳಿಸಿದವರ ಜೊತೆ ಮಾತ್ರ ಐದು ಕೋಟಿಯ ಮಾತು ಆಡ್ತೀನಿ. ಟ್ಯಾಗ್ ಮಾಡಿ, ಕಾಯ್ತಿರ್ತೀನಿ.