ಹ್ಯಾಂಡಿ ಇಂಗ್ಲಿಷ್ ಅಲ್ಲ ಮಾರಾಯ್ರೇ

ಬೆಳಿಗ್ಗೆಯಿಂದ ನಾಲ್ಕನೇ ಸಲ ಅದೇ ರೀಲ್. ಜರ್ಮನ್ನರು ಮೊಬೈಲಿಗೆ 'ಹ್ಯಾಂಡಿ' ಅಂತಾರಂತೆ, ಪ್ರೊಜೆಕ್ಟರಿಗೆ 'ಬೀಮರ್' ಅಂತಾರಂತೆ, ಪಾಪ ಇಂಗ್ಲಿಷೇ ಬರಲ್ವಂತೆ. ಕೆಳಗೆ ನಗೋರ ಸಾಲು.

ಅದು ಇಂಗ್ಲಿಷ್ ಅಲ್ಲ, ಜರ್ಮನ್. ಮುಂದೆ 'ದಾಸ್' ಸೇರಿಸಿ 'ದಾಸ್ ಹ್ಯಾಂಡಿ' ಅಂತಾರೆ, ಅಂದರೆ ನಪುಂಸಕಲಿಂಗ. ಉಚ್ಚಾರ 'ಹೆಂಡಿ' (ಉತ್ತರ ಕರ್ನಾಟಕದವರು ಮಾತ್ರ ನಗಬಹುದು, ಅವರಿಗೆ ಹೆಂಡಿ ಅಂದರೆ ಸಗಣಿ). ಬಹುವಚನದಲ್ಲಿ ಇಂಗ್ಲಿಷಿನವರ ಹಾಗೆ ವೈ ತೆಗೆದು ಐಇಎಸ್ ಹಾಕಿದರೆ ತಪ್ಪು. ವೈ ಉಳಿಸಿ ಬರೀ ಎಸ್ ಹಾಕಬೇಕು. ಗೂಗಲ್ ಕ್ರಿಯಾಪದ ಆಗುವಾಗ ಕೊನೆಯ ಎಲ್‌ಇ ತಿರುಗಿ ಇಎಲ್ ಆಗುತ್ತೆ, ಯಾಕಂದ್ರೆ ಅವರ ಎಷ್ಟೋ ಕ್ರಿಯಾಪದಗಳು ಇಎಲ್‌ಎನ್ ಅಂತ ಮುಗಿಯೋದು. ಭೂತಕಾಲಕ್ಕೆ ಮುಂದೆ 'ಗೆ' ಸೇರಿ 'ಗೆಗೂಗಲ್ಟ್'. ಎಡವೋದು ಡೌನ್‌ಲೋಡಿನಲ್ಲಿ: 'ಗೆ' ಮುಂದೆ ಬರಬೇಕೋ ನಡುವೆಯೋ? 'ಡೌನ್‌ಗೆಲೋಡೆಟ್' ಅನ್ನೋರೂ ಇದ್ದಾರೆ, 'ಗೆಡೌನ್‌ಲೋಡೆಟ್' ಅನ್ನೋರೂ ಇದ್ದಾರೆ. ಜಗಳ ಪೂರ್ತಿ ಜರ್ಮನ್ ವ್ಯಾಕರಣದ್ದು, ಇಂಗ್ಲಿಷಿಗೆ ಅಲ್ಲಿ ಕೆಲಸವಿಲ್ಲ.

ಅರ್ಥವೂ ಸುಮ್ಮನೆ ಕೆಟ್ಟಿದ್ದಲ್ಲ. ಸ್ಮೋಕಿಂಗ್ ಜಾಕೆಟ್‌ನಲ್ಲಿ ಜಾಕೆಟ್ ಉದುರಿತು, 'ಸ್ಮೋಕಿಂಗ್' ಅಂದರೆ ಬೋ ಕಟ್ಟುವ ಕಪ್ಪು ಸೂಟು. ಆಮಂತ್ರಣದಲ್ಲಿ ಕಂಡರೆ ಸಿಗರೇಟು ಒಯ್ಯಬೇಡಿ. 'ಓಲ್ಡ್‌ಟೈಮರ್' ಮನುಷ್ಯನನ್ನು ಬಿಟ್ಟು ಕಾರಿಗೆ ಅಂಟಿತು. ಈಗ ಕಾನೂನಿನಲ್ಲೇ ಇದೆ, 30 ವರ್ಷ ದಾಟಿ ಮೂಲ ಸ್ಥಿತಿಯಲ್ಲಿರೋ ಗಾಡಿಗೆ ನಂಬರ್ ಪ್ಲೇಟಿನ ಕೊನೆಗೆ ಎಚ್ ಸಿಗುತ್ತೆ. ಇನ್ನು 'ಕೇಕ್ಸ್'. 1891ರಲ್ಲಿ ಹ್ಯಾನೋವರಿನ ಬಾಲ್ಸನ್ ತನ್ನ ಬಿಸ್ಕತ್ತನ್ನು 'ಲೈಬ್ನಿಟ್ಸ್ ಕೇಕ್ಸ್' ಅಂತ ಮಾರಿದ. ಆ ಬಹುವಚನವೇ ಏಕವಚನವಾಗಿ, ಅಕ್ಷರ ಬದಲಾಗಿ, ಮೇಲೆ ಇನ್ನೊಂದು ಬಹುವಚನ ಕೂತು 'ಕೇಕ್ಸೆ' ಆಯ್ತು. ನಾವು 'ಶೂಸ್‌ಗಳು' ಅನ್ನಲ್ವಾ?

ಗೊಂದಲ ಆಗಲ್ವಾ ಅಂತ ಕೇಳ್ತೀರಿ. 'ಹೋಮ್‌ಆಫೀಸ್' ಅಂದರೆ ಅಲ್ಲಿ ಮನೆಯಿಂದ ಕೆಲಸ, ಲಂಡನ್ನಿನಲ್ಲಿ ಗೃಹ ಇಲಾಖೆ. ಆಗಲಿ ಬಿಡಿ, ಲೈಪ್‌ಜಿಗ್‌ನವ ಪಕ್ಕದ ಮನೆಯವನ ಜೊತೆ ಮಾತಾಡ್ತಿದ್ದಾನೆ. ನಿಜವಾದ ಗೊಂದಲ ಆಗಿದ್ದು ಅಪ್ಪಟ ಇಂಗ್ಲಿಷಿನಿಂದ! ಡಗ್ಲಸ್ ಅನ್ನೋ ಸುಗಂಧದ್ರವ್ಯದ ಅಂಗಡಿಗಳು 'ಕಮ್ ಇನ್ ಅಂಡ್ ಫೈಂಡ್ ಔಟ್' ಅಂತ ಜಾಹೀರಾತು ಕೊಟ್ಟಾಗ, ಎಷ್ಟೋ ಜನ ಅದನ್ನು 'ಒಳಗೆ ಬನ್ನಿ, ಹೊರಗೆ ಹೋಗೋ ದಾರಿ ಹುಡುಕಿಕೊಳ್ಳಿ' ಅಂತ ಓದಿದರು. ಆಮೇಲೆ ಘೋಷಣೆ ಜರ್ಮನ್ನಿಗೆ ಬಂತು.

ನಗ್ತಿರೋ ನಾವೋ? ಹೋಟೆಲಿಗೆ ಹೋಗಿ ದೋಸೆ ತಿಂದು ಬರ್ತೀವಿ, ರೂಮು ಮಾಡಲ್ಲ. ಕರೆಂಟ್ ಹೋಯ್ತು ಅಂತೀವಿ, ಸಾಮಾನಿಗೆ ಕವರ್ ಕೇಳ್ತೀವಿ. ಅವೆಲ್ಲ ಕನ್ನಡ, ಹ್ಯಾಂಡಿ ಮಾತ್ರ ತಪ್ಪು ಇಂಗ್ಲಿಷ್!

ಒಂದು ಒಪ್ಕೋತೀನಿ. ಗಂಡ ಹೆಂಡತಿ ಒಂದೇ ಥರದ ಅಂಗಿ ಹಾಕಿದ್ರೆ ಅದಕ್ಕೆ 'ಪಾರ್ಟ್ನರ್‌ಲುಕ್' ಅಂತಾರೆ. ಅದನ್ನು ಮಾತ್ರ ನನಗೂ ಸಹಿಸೋಕಾಗಲ್ಲ, ಪದವನ್ನೂ, ಅಂಗಿಯನ್ನೂ.