ಅವ್ವ ಯಾರ ಲೆಕ್ಕಕ್ಕೆ?

ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ಕಂಪನಿಯ ಆರೋಗ್ಯ ವಿಮೆಯಲ್ಲಿ ಹೆಂಡತಿಗೆ ಜಾಗವಿದೆ, ಮಕ್ಕಳಿಗೆ 26 ತುಂಬುವವರೆಗೂ ಇದೆ. ಅವ್ವನಿಗಿಲ್ಲ. ಫೋನಿನಲ್ಲಿ ಹೇಳಿದರೆ, "ಹಂಗಾರೆ ನಾನ್ ನಿಂಗೇನೂ ಆಗ್ಬೇಕಿಲ್ವೇನ್ಲಾ?" ಅಂದಳು.

2023ರಿಂದ ಈ ರಾಜ್ಯ ಒಂದು ಕಿಂಡಿ ತೆರೆದಿದೆ. ಸ್ವಂತಕ್ಕೆ ಕೊಳ್ಳುವ ಪಾಲಿಸಿಯಲ್ಲಿ, ನಾವೇ ಸಾಕುತ್ತಿರುವ ಅಪ್ಪ ಅಮ್ಮನನ್ನು ಸೇರಿಸಬಹುದು. ಆದರೆ ಅವರು ಇಲ್ಲೇ ವಾಸವಿರಬೇಕು. ಮಂಡ್ಯದ ಪಕ್ಕದ ಹಳ್ಳಿಯಲ್ಲಿ ಎರಡು ಹಸು ಕಟ್ಟಿಕೊಂಡಿರುವವಳು ಕೊಟ್ಟಿಗೆ ಬಿಟ್ಟು ಬರುತ್ತಾಳೆಯೇ? ಗ್ರೀನ್ ಕಾರ್ಡ್ ಮಾಡಿಸಿ ಕರೆತಂದರೂ, 65 ದಾಟಿದವರ ಸರ್ಕಾರಿ ಮೆಡಿಕೇರ್ ಕೊಳ್ಳಲು ಐದು ವರ್ಷ ಇಲ್ಲಿದ್ದಿರಬೇಕು.

ಊರಲ್ಲಿ ಲೆಕ್ಕವೇ ಬೇರೆ. ಮೈಸೂರಿನ ಹೆಬ್ಬಾಳದಲ್ಲಿ ಕೆಲಸಕ್ಕಿದ್ದ ತಮ್ಮನ ಕಂಪನಿ ಪಾಲಿಸಿಯಲ್ಲಿ ಅವ್ವ ಮೊದಲ ದಿನದಿಂದಲೇ ಇದ್ದಳು, ತನ್ನ ಹಳೇ ಶುಗರ್ ಸಮೇತ. ಹೋದ ವರ್ಷ ಅವನ ಕೆಲಸ ಹೋಯಿತು, ಅವ್ವನ ಕಾರ್ಡೂ ಹೋಯಿತು. ಬಿಡುವ ಮುಂಚೆ ಅದೇ ವಿಮಾ ಕಂಪನಿಯಲ್ಲಿ ಸ್ವಂತ ಪಾಲಿಸಿಗೆ ಬದಲಾಯಿಸಿಕೊಡಿ ಎಂದು ಕೇಳಬಹುದಿತ್ತು. ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಹೊಸದಕ್ಕೆ ಹೋದಾಗ ಏಜೆಂಟ್ ಮೆಲ್ಲಗೆ, "ಶುಗರ್ ಇದೆ ಅಂತ ಬರೀಬೇಡಿ ಸಾರ್" ಅಂದ. ಮುಚ್ಚಿಟ್ಟರೆ ನಾಳೆ ಕ್ಲೇಮ್ ತಿರಸ್ಕರಿಸಲು ಅದೇ ನೆಪ ಸಾಕು. ಬರೆದರೆ, ಆ ಹಳೇ ಕಾಯಿಲೆಯ ಖರ್ಚು ಸಿಗಲು ಕಾಯಬೇಕು. 2024ರಲ್ಲಿ ಆ ಕಾಯುವ ಮಿತಿ ನಾಲ್ಕು ವರ್ಷದಿಂದ ಮೂರಕ್ಕೆ ಇಳಿದಿದೆ, 65 ದಾಟಿದವರಿಗೂ ಪಾಲಿಸಿಯ ಬಾಗಿಲು ತೆರೆದಿದೆ, ಒಪ್ಪುತ್ತೇನೆ. ಆದರೆ 68ರ ಮುದುಕಿಗೆ ಮೂರು ವರ್ಷ ಕಾಯಿ ಅನ್ನುವುದು ಯಾವ ನ್ಯಾಯ? ಅಮೆರಿಕದ ವಿಮೆಯನ್ನು ಬೈಯಲು ನನಗೆ ನೂರು ಕಾರಣವಿದೆ. ಆದರೂ 2014ರಿಂದ ಇಲ್ಲಿ ಸ್ವಂತ ಪಾಲಿಸಿ ಕೇಳಿದವರಿಗೆ, ಕಾಯಿಲೆ ಇದೆಯೆಂದು ಇಲ್ಲ ಅನ್ನುವಂತಿಲ್ಲ, ಹೆಚ್ಚು ಹಣ ಕೇಳುವಂತಿಲ್ಲ. ಅದೊಂದನ್ನು ನಾವು ಕಣ್ಣು ಮುಚ್ಚಿ ತರಬೇಕು.

ಕೊನೆಗೆ ಕೈಹಿಡಿದದ್ದು ಇಬ್ಬರು ಗಂಡುಮಕ್ಕಳ ಕಾರ್ಡಲ್ಲ, ಡೈರಿ. ಹಾಲಿನ ಸಂಘದ ಸದಸ್ಯೆ ಎಂದು ಅವ್ವನ ಹೆಸರಲ್ಲೇ ಯಶಸ್ವಿನಿ ಇದೆ. ಸಹಕಾರ ಸಂಘದವರಿಗೆಂದೇ ಇರುವ, 2018ರಲ್ಲಿ ನಿಂತು 2023ರಲ್ಲಿ ಮತ್ತೆ ಶುರುವಾದ ರಾಜ್ಯದ ಆರೋಗ್ಯ ಯೋಜನೆ. ಹಳ್ಳಿಯ ನಾಲ್ಕು ಜನರ ಮನೆಗೆ ವರ್ಷಕ್ಕೆ 500 ರೂಪಾಯಿ, 5 ಲಕ್ಷದವರೆಗೆ ಚಿಕಿತ್ಸೆ. ತಿಂಗಳ ಮಾತ್ರೆಗೆ ಬರುವುದಿಲ್ಲ, ಪಟ್ಟಿಯಲ್ಲಿರುವ ಚಿಕಿತ್ಸೆಗಷ್ಟೇ ಉಂಟು. ಆದರೆ ಪಿತ್ತಕೋಶದ ಕಲ್ಲಿನ ಆಪರೇಷನ್ ಮೈಸೂರಿನಲ್ಲಿ ಅದರಲ್ಲೇ ಮುಗಿಯಿತು. ಮಗನ ಕೆಲಸ ಹೋದರೂ ಅವ್ವನ ಕೈಲಿ ಉಳಿದ ಕಾರ್ಡು ಅದು.

ಮುಂದಿನ ವರ್ಷದ ದುಡ್ಡು ನಾನು ಕಳಿಸ್ತೀನಿ ಅಂದೆ.

"ಬ್ಯಾಡ ಬುಡು, ಹಾಲಿನ ಬಟವಾಡೇಲಿ ಮುರ್ಕತಾರೆ" ಅಂದಳು.