ಮಾಯವಾಗುವ ಗುಳ್ಳೆಯಲ್ಲಿ ಪ್ರಶ್ನೆ ಕೇಳಬಾರದು

2009ರ ಬೇಸಿಗೆ. ಸಾಗರದಲ್ಲಿ ನಮ್ಮ ಚಿಕ್ಕಪ್ಪನ ಸೈಬರ್ ಸೆಂಟರ್. ಆರು ಕಂಪ್ಯೂಟರ್, ಒಂದು ಪ್ರಿಂಟರ್. ಎಲ್ಲದಕ್ಕೂ ನಾನೇ ಉಬುಂಟು (ವಿಂಡೋಸ್ ಬದಲು ಬಳಸುವ, ಲಿನಕ್ಸ್ ಆಧಾರಿತ ಉಚಿತ ಆಪರೇಟಿಂಗ್ ಸಿಸ್ಟಂ) ಹಾಕಿಕೊಟ್ಟಿದ್ದೆ. ಗಿರಾಕಿಗಳು ಯಾವ ಸೀಟಿನಿಂದ ಪ್ರಿಂಟ್ ಕೊಟ್ಟರೂ ಕೌಂಟರಿನ ಸ್ಕ್ರೀನಿನಲ್ಲಿ ಒಂದು ಗುಳ್ಳೆ, ಅಂದರೆ ಸಣ್ಣ ನೋಟಿಫಿಕೇಶನ್, ಏಳುತ್ತಿತ್ತು. "ಮೂರನೇ ಸೀಟು, 4 ಪುಟ". ಅದರ ಕೆಳಗೆ ಎರಡು ಬಟನ್: "ಪ್ರಿಂಟ್ ಮಾಡು", "ಬೇಡ". ಪೈಥಾನಿನಲ್ಲಿ ನಾನು ಬರೆದ ಪುಟ್ಟ ಪ್ರೋಗ್ರಾಂ ಅದು.

ಆ ಏಪ್ರಿಲ್‌ನಲ್ಲಿ ಉಬುಂಟು 9.04 ಬಂತು. ಊರಿಗೆ ಹೋದಾಗ ಕೌಂಟರಿನ ಕಂಪ್ಯೂಟರಿಗೆ ಅದನ್ನು ಹಾಕಿ ಬಂದೆ. ಮಾರನೇ ದಿನವೇ ಚಿಕ್ಕಪ್ಪನ ಫೋನು.

"ಏನೋ ಪುಟ್ಟಾ, ಸ್ಕ್ರೀನ್ ತುಂಬಾ ಬರೀ ಡಬ್ಬಿ ಬರ್ತಾ ಇದೆ. ಒಂದು ಮುಚ್ಚಿದ್ರೆ ಇನ್ನೊಂದು. ನಾನು ಗಿರಾಕಿ ಹತ್ರ ದುಡ್ಡು ಇಸ್ಕೊಳ್ಳಲೋ, ಇದನ್ನೇ ಮುಚ್ತಾ ಕೂರಲೋ?"

ಆಗಿದ್ದು ಇಷ್ಟು. 9.04ರಲ್ಲಿ ನೋಟಿಫಿಕೇಶನ್ ತೋರಿಸುವ ವ್ಯವಸ್ಥೆಯನ್ನೇ ಬದಲಿಸಿದ್ದರು. ಹೊಸದರ ಹೆಸರು ನೋಟಿಫೈ ಓಎಸ್‌ಡಿ. ಉಬುಂಟು ಶುರು ಮಾಡಿದ ಮಾರ್ಕ್ ಶಟಲ್‌ವರ್ತ್ 2008ರ ಡಿಸೆಂಬರ್‌ನಲ್ಲೇ ಇದರ ಬಗ್ಗೆ ಬರೆದಿದ್ದರು. ಗುಳ್ಳೆಯಲ್ಲಿ ಬಟನ್ ಇರುವುದಿಲ್ಲ. ಮುಚ್ಚುವ ಗುರುತೂ ಇಲ್ಲ. ಮೌಸ್ ಹತ್ತಿರ ಹೋದರೆ ಗುಳ್ಳೆ ಮಸುಕಾಗುತ್ತದೆ, ಕ್ಲಿಕ್ ಮಾಡಿದರೆ ಅದು ಹಿಂದಿನ ಕಿಟಕಿಗೇ (ವಿಂಡೋಗೇ) ತಾಗುತ್ತದೆ. ಇಷ್ಟು ಸೆಕೆಂಡ್ ಇರು ಎಂದು ಪ್ರೋಗ್ರಾಂ ಕೇಳಿದರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಗಂತ ಬಟನ್ ಬೇಕು ಎಂದು ಕೇಳುವ ಹಳೆಯ ಪ್ರೋಗ್ರಾಂಗಳ ಮಾತನ್ನು ಅದು ಎಸೆದುಬಿಡುತ್ತಿರಲಿಲ್ಲ. ಗುಳ್ಳೆಯ ಬದಲು ಮಾಮೂಲಿ ಕಿಟಕಿಯೊಂದನ್ನು ತೆರೆದು ತೋರಿಸುತ್ತಿತ್ತು. ಚಿಕ್ಕಪ್ಪ ಮುಚ್ಚುತ್ತಿದ್ದ ಡಬ್ಬಿಗಳು ಅವೇ.

ತಪ್ಪು ನನ್ನ ಕೋಡಿನಲ್ಲೇ ಇತ್ತು. ಲಿನಕ್ಸ್ ಡೆಸ್ಕ್‌ಟಾಪ್‌ಗಳಲ್ಲಿ ಪ್ರೋಗ್ರಾಂ ತಾನೇ ಗುಳ್ಳೆ ಬಿಡಿಸುವುದಿಲ್ಲ. ಡಿ-ಬಸ್ (ಪ್ರೋಗ್ರಾಂಗಳು ಪರಸ್ಪರ ಮಾತಾಡುವ ದಾರಿ) ಮೂಲಕ "ಇದನ್ನು ತೋರಿಸು" ಎಂದು ಇನ್ನೊಂದು ಪ್ರೋಗ್ರಾಂಗೆ ಹೇಳಿ ಕಳಿಸುತ್ತದೆ. ಹೀಗೆ ಹೇಳಿ ಕಳಿಸುವುದಕ್ಕೆ ಎಲ್ಲರೂ ಪಾಲಿಸುವ ಒಂದು ಒಪ್ಪಂದವಿದೆ. ಬಟನ್ ತೋರಿಸಲೇಬೇಕು ಎಂಬ ಕಟ್ಟುಪಾಡು ಅದರಲ್ಲಿ ಮೊದಲಿನಿಂದಲೂ ಇಲ್ಲ. ಅದಕ್ಕೇ "ನಿನಗೆ ಏನೇನು ಬರುತ್ತೆ?" ಎಂದು ಮೊದಲೇ ಕೇಳಿಕೊಳ್ಳಲು ಗೆಟ್‌ಕೇಪಬಿಲಿಟೀಸ್ ಎಂಬ ಕರೆ ಇಟ್ಟಿದ್ದಾರೆ. ನಾನು ಕೇಳಿರಲಿಲ್ಲ. ನನ್ನ ಹಾಗೆ ಕೇಳದೇ ಬಿಟ್ಟವರು ಬಹಳ ಜನ ಇದ್ದರು.

ರಾತ್ರಿ ಕೂತು ಕೋಡ್ ತಿದ್ದಿದೆ. ಬಟನ್ ಬರುತ್ತೆ ಅಂದರೆ ಹಾಕು, ಇಲ್ಲದಿದ್ದರೆ ಬಿಡು. ನಾಲ್ಕು ಸಾಲು ಅಷ್ಟೇ. ಡಬ್ಬಿಗಳು ನಿಂತವು. ನನ್ನ ಕೆಲಸ ಮುಗಿಯಿತು ಅಂದುಕೊಂಡೆ.

ಆಮೇಲೆ ಮೇ ತಿಂಗಳಲ್ಲಿ ಇನ್ನೊಂದು ಫೋನು. ಪಿಯುಸಿ ಅರ್ಜಿಗೆ ಅಂಕಗಳ ಪ್ರಿಂಟ್ ಬೇಕೆಂದು ಒಬ್ಬ ಹುಡುಗಿ ಬಂದಿದ್ದಳು. ಪ್ರಿಂಟ್ ಕೊಟ್ಟಳು. ಕೌಂಟರಿನಲ್ಲಿ ಗುಳ್ಳೆ ಎದ್ದಿತು, ಹೋಯಿತು. ಚಿಕ್ಕಪ್ಪ ಆಗ ಕಾಫಿಗೆ ಒಳಗೆ ಹೋಗಿದ್ದರು. ಆ ಹುಡುಗಿ ಅರ್ಧ ಗಂಟೆ ಸುಮ್ನೆ ಕಾದಿದ್ದಾಳೆ. ಕೇಳಲು ಸಂಕೋಚ. ಕೊನೆಗೆ ಬಸ್ಸಿಗೆ ಹೊತ್ತಾಯ್ತು ಎಂದು ಹಾಗೇ ಹೊರಟುಹೋದಳಂತೆ.

ನನಗೆ ಇವತ್ತಿಗೂ ನೋವಾಗುವುದು ಡಬ್ಬಿಗಳ ವಿಷಯಕ್ಕಲ್ಲ, ಇದಕ್ಕೆ. ಹೊಸ ವ್ಯವಸ್ಥೆಗೆ ನನ್ನ ಕೋಡು ಹೊಂದಿಕೊಂಡಿತ್ತು. ಚಿಕ್ಕಪ್ಪನ ಕೆಲಸವನ್ನು ಹೊಂದಿಸಲು ಮಾತ್ರ ನಾನು ಮರೆತಿದ್ದೆ. "ಪ್ರಿಂಟ್ ಮಾಡಲೇ, ಬೇಡವೇ" ಎಂಬುದು ಸುದ್ದಿಯಲ್ಲ, ಪ್ರಶ್ನೆ. ಪ್ರಶ್ನೆಗೆ ಉತ್ತರ ಬರುವವರೆಗೂ ಅದು ಎಲ್ಲಾದರೂ ಕಾದು ಕೂತಿರಬೇಕಲ್ವಾ? ಕೆಲವೇ ಸೆಕೆಂಡಿನಲ್ಲಿ ಕರಗುವ ಗುಳ್ಳೆ ಅದಕ್ಕೆ ಜಾಗವೇ ಅಲ್ಲ. ಹಳೆಯ ಗುಳ್ಳೆಗೆ ಬಟನ್ ಇತ್ತು ಎಂಬ ಕಾರಣಕ್ಕೆ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಬಟನ್ ತೆಗೆದಾಗ ಬಹಳ ಡೆವಲಪರ್‌ಗಳಿಗೆ ಸಿಟ್ಟು ಬಂತು, ನನಗೂ ಬಂತು. ಈಗ ಹೇಳುತ್ತೇನೆ, ಆ ತೀರ್ಮಾನ ಸರಿಯಾಗಿತ್ತು.

ಚಿಕ್ಕಪ್ಪನಿಗೆ ಒಂದು ಸಣ್ಣ ಕಿಟಕಿ ಮಾಡಿಕೊಟ್ಟೆ. ಬಾಕಿ ಇರುವ ಪ್ರಿಂಟ್‌ಗಳ ಪಟ್ಟಿ, ಪ್ರತಿ ಸಾಲಿಗೂ ಎರಡು ಬಟನ್. ಕೌಂಟರಿನ ಸ್ಕ್ರೀನಿನ ಮೂಲೆಯಲ್ಲಿ ಅದು ಸದಾ ತೆರೆದಿರುತ್ತಿತ್ತು. ಗುಳ್ಳೆ "ಹೊಸದು ಬಂದಿದೆ" ಎಂದಷ್ಟೇ ಹೇಳುತ್ತಿತ್ತು.

ಆದರೆ ಅದೇ 9.04ರ ಒಂದು ಬದಲಾವಣೆಯನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ಅಪ್‌ಡೇಟ್ ಬಂದಿದೆ ಎಂದು ಹೇಳುತ್ತಿದ್ದ ಐಕಾನ್ ತೆಗೆದು, ಅಪ್‌ಡೇಟ್ ಕಿಟಕಿಯೇ ತಾನಾಗಿ ತೆರೆದುಕೊಳ್ಳುವಂತೆ ಮಾಡಿದರು. ಪ್ರಶ್ನೆಗೆ ಒಂದು ಕಿಟಕಿ ಬೇಕು, ನಿಜ. ಆದರೆ ಅದು ಕರೆಯದೇ ಬರಬಾರದು.

2011ರ ಏಪ್ರಿಲ್‌ನಲ್ಲಿ ಗ್ನೋಮ್ 3 (ಲಿನಕ್ಸಿನ ಒಂದು ಡೆಸ್ಕ್‌ಟಾಪ್) ಬಂದಾಗ ಬಟನ್‌ಗಳು ಮತ್ತೆ ಇದ್ದವು. ಅಲ್ಲಿ ಅದು ಸರಿಯೂ ಹೌದು. ಯಾಕೆಂದರೆ ನೋಡದೇ ಬಿಟ್ಟ ಸಂದೇಶ ಸ್ಕ್ರೀನಿನ ಕೆಳಗಿನ ಪಟ್ಟಿಯಲ್ಲಿ ಉಳಿಯುತ್ತಿತ್ತು. 2015ರಲ್ಲಿ ಗ್ನೋಮ್ 3.16 ಆ ಪಟ್ಟಿಯನ್ನು ತೆಗೆದು ಮೇಲೆ ಗಡಿಯಾರದ ಕೆಳಗೆ, ಕ್ಯಾಲೆಂಡರ್ ಪಕ್ಕಕ್ಕೆ ತಂದಿತು. ಕೆಡಿಇ ತಂಡದವರು 2019ರಲ್ಲಿ ತಮ್ಮ ಡೆಸ್ಕ್‌ಟಾಪ್ ಪ್ಲಾಸ್ಮಾ 5.16ರಲ್ಲಿ ಇಡೀ ನೋಟಿಫಿಕೇಶನ್ ಭಾಗವನ್ನು ಹೊಸದಾಗಿ ಬರೆದರು. ಜಾಗ ಬದಲಾಗುತ್ತಲೇ ಇರುತ್ತದೆ. ಕೇಳಿಕೊಂಡು ಕಳಿಸಿದರೆ ಕೋಡು ಉಳಿಯುತ್ತದೆ.

ಕೇಳುವುದು ಎಂದರೆ ಬಟನ್ ಒಂದೇ ಅಲ್ಲ. ಪಠ್ಯದಲ್ಲಿ ದಪ್ಪಕ್ಷರದ ಗುರುತುಗಳು ನಡೆಯುತ್ತವೆಯೇ ಎಂದೂ ಕೇಳಬೇಕು. ನಡೆಯುವ ಕಡೆ ಆಂಪರ್ಸೆಂಡ್ (&) ಚಿಹ್ನೆಯನ್ನು ಹಾಗೇ ಕಳಿಸಿದರೆ ಸಾಲೇ ಕೆಡಬಹುದು. ಫೈಲಿನ ಹೆಸರಿನಲ್ಲಿ ಆ ಚಿಹ್ನೆ ಬರುವುದು ಅಪರೂಪವೇನಲ್ಲ. ಇನ್ನು ಲಿಬ್‌ನೋಟಿಫೈ (ನೋಟಿಫಿಕೇಶನ್ ಕಳಿಸಲು ಪ್ರೋಗ್ರಾಂಗಳು ಬಳಸುವ ಸಿದ್ಧ ಕೋಡ್) 0.7ರಲ್ಲಿ, ಗುಳ್ಳೆಯ ಬಾಲವನ್ನು ಐಕಾನ್ ಕಡೆಗೆ ತಿರುಗಿಸುವ ಸೌಲಭ್ಯವನ್ನೇ ಕಿತ್ತುಹಾಕಿದರು. ಹಳೆಯ ಸಿ ಪ್ರೋಗ್ರಾಂಗಳು ಕಂಪೈಲ್ ಆಗದೇ ನಿಂತವು. ಕರೆಗೆ ಕೊಡುವ ಮಾಹಿತಿಯಲ್ಲಿ ಒಂದು (ಆರ್ಗ್ಯುಮೆಂಟ್) ಜಾಸ್ತಿ ಇದೆ ಎಂಬ ಎರರ್. ಆ ಒಂದು ಆರ್ಗ್ಯುಮೆಂಟ್ ಅಳಿಸಲು ಎಷ್ಟೋ ಪ್ರೋಗ್ರಾಂಗಳಿಗೆ ಪ್ಯಾಚ್ ಬೇಕಾಯಿತು.

ಗ್ನೋಮ್ ಪ್ರೋಗ್ರಾಂಗಳು ಬಳಸುವ ಜಿಲಿಬ್ ಎಂಬ ಸಿದ್ಧ ಕೋಡಿನ 2014ರ 2.40ರಲ್ಲಿ, ನೋಟಿಫಿಕೇಶನ್ ಕಳಿಸಲು ಬಂದ ಹೊಸ ದಾರಿ ಜಿನೋಟಿಫಿಕೇಶನ್. ಅದು ನನಗೆ ತುಂಬಾ ಇಷ್ಟ. ಅಲ್ಲಿ ನೋಟಿಫಿಕೇಶನ್‌ನ ಬಟನ್ ಯಾವುದೋ ಒಂದು ಕಿಟಕಿಗೆ ಸೇರಿದ್ದಲ್ಲ, ಇಡೀ ಪ್ರೋಗ್ರಾಂಗೆ ಸೇರಿದ್ದು. ಪ್ರೋಗ್ರಾಂ ಮುಚ್ಚಿದ ಮೇಲೂ ಸಂದೇಶ ಉಳಿಯಬಹುದು, ಯಾರೋ ಒತ್ತಿದಾಗ ಪ್ರೋಗ್ರಾಂ ಮತ್ತೆ ಎದ್ದು ಉತ್ತರ ಕೊಡಬೇಕಾಗಬಹುದು ಎಂದು ಮೊದಲೇ ಯೋಚಿಸಿ ಕಟ್ಟಿದ್ದಾರೆ. ಇದಕ್ಕೆ ಪ್ರೋಗ್ರಾಂನ ಡೆಸ್ಕ್‌ಟಾಪ್ ಫೈಲಿನ (ಪ್ರೋಗ್ರಾಂ ಅನ್ನು ಮೆನುವಿನಲ್ಲಿ ತೋರಿಸುವ ಫೈಲಿನ) ಹೆಸರು ಅದರ ಗುರುತಿನ ಹೆಸರಿಗೆ ಸರಿಯಾಗಿ ಹೊಂದಬೇಕು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ.

ಹೊಸದಾಗಿ ಬರೆಯುತ್ತಿರುವ ಗೆಳೆಯರಲ್ಲಿ ಒಂದು ಬೇಡಿಕೆ. ಕಳಿಸಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಸಾಲನ್ನೂ ಬರೆಯಿರಿ. ಅದಕ್ಕೆ ಕರೆ ಹಳೆಯ ಒಪ್ಪಂದದಲ್ಲೂ ಇತ್ತು, ಜಿನೋಟಿಫಿಕೇಶನ್‌ನಲ್ಲೂ ಇದೆ. ಪ್ರಿಂಟ್ ಆಗಿ, ಗಿರಾಕಿ ದುಡ್ಡು ಕೊಟ್ಟು ಹೋದ ಮೇಲೂ "ಮೂರನೇ ಸೀಟು, 4 ಪುಟ" ಅಲ್ಲೇ ಕೂತಿದ್ದರೆ, ಕೌಂಟರಿನಲ್ಲಿ ಇರುವವರು ನಾಳೆಯಿಂದ ಆ ಪಟ್ಟಿಯನ್ನು ನೋಡುವುದನ್ನೇ ಬಿಡುತ್ತಾರೆ. ಆಗ ಮತ್ತೊಬ್ಬ ಹುಡುಗಿ ಬಸ್ಸಿನ ಹೊತ್ತಾಯ್ತೆಂದು ಎದ್ದು ಹೋಗುತ್ತಾಳೆ.